ಸೀಮೆಹಸುವಿನ ಸೀಮೆಯಲ್ಲಿ ಒಂದು ವಾರ

(ಬೆಂಗಳೂರು ಪೂರ್ವ ಭಾಗದ ಹಾಲು ಉತ್ಪಾದಕರ ಸಹಕಾರ ಸಂಘಗಳ ಸದಸ್ಯರಿಗಾಗಿ ಕೃಷ್ಣರಾಜಪುರದಲ್ಲಿ ಏರ್ಪಡಿಸಿದ್ದ ರಾಸುಗಳ ಆರೋಗ್ಯ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯಕೀಯ ವಿಸ್ತರಣಾಧಿಕಾರಿಯವರು ಮಾಡಿದ ಭಾಷಣ)



ಇಂದು ಕಾಲುಬಾಯಿ ಜ್ವರದ ವಿಷಯವಾಗಿ ಮಾತನಾಡಬೇಕೆಂದು ನನಗೆ ತಿಳಿಸಲಾಗಿತ್ತು. ಆದರೆ ವೇದಿಕೆ ಹತ್ತುವ ಮುಂಚೆಯೇ ಅಧ್ಯಕ್ಷರು, "ಡಾಕ್ಟ್ರಮ್ಮ, ರೋಗದ ಮಾತು ಆಮೇಲೆ ಇರಲಿ. ಇಂಗ್ಲೆಂಡಿಗೆ ಹೋಗಿ ಬಂದಿರಲ್ಲ, ಮೊದಲು ಅದನ್ನು ಹೇಳಿ" ಎಂದರು. ನಾನು ಒಪ್ಪಿಕೊಂಡೆ. ಎರಡೂ ಒಂದೇ ಮಾತಾಗಿರುವುದರಿಂದ ನನಗೇನೂ ಕಷ್ಟವಿಲ್ಲ. ಅದು ಹೇಗೆ ಎಂಬುದು ಮುಂದೆ ತಮಗೇ ತಿಳಿಯುತ್ತದೆ.

ನಾನು ಬಂದಾಗಿನಿಂದ ಎಲ್ಲರೂ ಕೇಳುತ್ತಿರುವುದು ಒಂದೇ ಪ್ರಶ್ನೆ: "ಅಲ್ಲಿನ ಹಸು ದಿನಕ್ಕೆ ಎಷ್ಟು ಲೀಟರ್ ಕೊಡುತ್ತೆ? ಕೆಚ್ಚಲು ಹೇಗಿರುತ್ತೆ? ಮುಟ್ಟಿ ನೋಡಿದಿರಾ?" ಮುಟ್ಟಲಿಲ್ಲ, ಬಂಧುಗಳೇ. ನಾವು ಮಿಶ್ರತಳಿಯನ್ನು ಸೀಮೆಹಸು ಎಂದು ಕರೆಯುತ್ತೇವೆ. ಆ ಸೀಮೆಗೇ ಹೋಗಿ, ಒಂದು ವಾರ ಹಳ್ಳಿಯಲ್ಲಿದ್ದು, ದಿನಾ ನೂರಾರು ಹಸುಗಳನ್ನು ಕಣ್ಣಾರೆ ಕಂಡು, ಒಂದನ್ನೂ ಮುಟ್ಟದೆ ಹಿಂದಿರುಗಿದೆ. ಇಪ್ಪತ್ತು ವರ್ಷ ನಿಮ್ಮ ಕೊಟ್ಟಿಗೆಗಳಲ್ಲಿ ಕೆಲಸ ಮಾಡಿದ ನನ್ನನ್ನು ಅಲ್ಲಿನ ರೈತರೊಬ್ಬರು ಗೇಟಿನಲ್ಲೇ ನಿಲ್ಲಿಸಿದರು.

ಹೋದದ್ದು 2025ರ ಜೂನ್ ತಿಂಗಳಲ್ಲಿ. ಒಕ್ಕೂಟದ ಕೆಲಸಕ್ಕಲ್ಲ, ಸ್ವಂತ ರಜೆಯಲ್ಲಿ, ಸ್ವಂತ ಖರ್ಚಿನಲ್ಲಿ. ಹಲಸೂರಿನ ಶಾಲೆಯಲ್ಲಿ ನನ್ನ ಪಕ್ಕದಲ್ಲೇ ಕುಳಿತು ಓದಿದ ಗೆಳತಿಯೊಬ್ಬಳು ನರ್ಸ್ ಕೆಲಸಕ್ಕೆಂದು ಅಲ್ಲಿಗೆ ಹೋಗಿ ಬಹಳ ವರ್ಷಗಳಾದವು. ಅವಳ ತಾತನ ಕಾಲದಲ್ಲಿ ಹಲಸೂರು ಕೆರೆಯ ಹಿಂಭಾಗದಲ್ಲಿ ಎಮ್ಮೆಗಳನ್ನು ಕಟ್ಟಿ, ದಂಡಿನ ಬಂಗಲೆಗಳಿಗೆ ಹಾಲು ಹಾಕುತ್ತಿದ್ದರಂತೆ. ಎಮ್ಮೆ ಹೋಯಿತು, ಕೊಟ್ಟಿಗೆ ಹೋಯಿತು, ಆ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡವಿದೆ. ಮೊಮ್ಮಗಳು ಮಾತ್ರ ಇಂಗ್ಲೆಂಡಿನ ಹಳ್ಳಿಯಲ್ಲಿ ಹಸುಗಳ ನಡುವೆ ಮನೆ ಮಾಡಿದ್ದಾಳೆ. ಅವಳೂ ಅವಳ ಯಜಮಾನರೂ ಎಷ್ಟೋ ವರ್ಷದಿಂದ ಕರೆಯುತ್ತಿದ್ದರು.

ಹೊರಡುವ ಮುನ್ನವೇ ಒಂದು ಪಾಠವಾಯಿತು. ನಮ್ಮ ತಾಯಿ ಒಂದು ಡಬ್ಬಿ ತುಪ್ಪ ಕಾಯಿಸಿ, ಸೀಲು ಮಾಡಿಸಿ ಕೊಟ್ಟಿದ್ದರು. ಗೆಳತಿ ಫೋನಿನಲ್ಲಿ, "ತುಪ್ಪ ತರಬೇಡ ಕಣೇ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಚಟ್ನಿಪುಡಿ ತಗೊಂಡು ಬಾ, ಸಾಕು" ಎಂದಳು. ನಮ್ಮ ದೇಶದಿಂದ ಹಾಲು, ಬೆಣ್ಣೆ, ತುಪ್ಪ, ಮಾಂಸ ಯಾವುದನ್ನೂ ಪ್ರಯಾಣಿಕರು ಅಲ್ಲಿಗೆ ಒಯ್ಯುವಂತಿಲ್ಲ. ನಮ್ಮ ಮೇಲೆ ಮಾತ್ರ ಈ ಕಟ್ಟು ಎಂದು ತಿಳಿಯಬೇಡಿ. 2025ರ ಜನವರಿಯಲ್ಲಿ ಜರ್ಮನಿಯಲ್ಲಿ ಎಮ್ಮೆಗಳಿಗೆ ಕಾಲುಬಾಯಿ ಜ್ವರ ಬಂತು, ಮಾರ್ಚ್‌ನಲ್ಲಿ ಹಂಗೇರಿ, ಸ್ಲೊವಾಕಿಯ ದೇಶಗಳಿಗೂ ಬಂತು. ಏಪ್ರಿಲ್ ತಿಂಗಳಲ್ಲಿ ಬ್ರಿಟನ್ ಸರ್ಕಾರ, ಪಕ್ಕದ ಯೂರೋಪಿನಿಂದ ಬರುವವರು ಒಂದು ತುಂಡು ಗಿಣ್ಣನ್ನೂ, ಅಂದರೆ ಅವರ ಚೀಸನ್ನೂ, ಕೈಯಲ್ಲಿ ತರಕೂಡದೆಂದು ಆಜ್ಞೆ ಮಾಡಿತು. ತುಪ್ಪದ ಡಬ್ಬಿ ಮನೆಯಲ್ಲೇ ಉಳಿಯಿತು. ನಮ್ಮ ತಾಯಿಯವರ ಕೋಪ ಇನ್ನೂ ಪೂರ್ತಿ ಇಳಿದಿಲ್ಲ.

ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಉತ್ತರಕ್ಕೆ ರೈಲಿನಲ್ಲಿ ಹೋದರೆ ಯಾರ್ಕ್‌ಷೈರ್ ಎಂಬ ಪ್ರಾಂತ್ಯ ಸಿಗುತ್ತದೆ. ಅಲ್ಲಿನ ಥರ್ಸ್ಕ್ ಎಂಬ ಸಂತೆ ಊರಿನ ಹತ್ತಿರ ಗೆಳತಿಯ ಹಳ್ಳಿ. ಜೂನ್ ತಿಂಗಳಾದರೂ ಸ್ವೆಟರ್ ಬೇಕು. ರಾತ್ರಿ ಹತ್ತು ಗಂಟೆಯಾದರೂ ಬೆಳಕಿರುತ್ತದೆ, ಊಟ ಮಾಡಿದ ಮೇಲೆ ಹೊಲದಲ್ಲಿ ತಿರುಗಾಡಬಹುದು. ಎತ್ತ ನೋಡಿದರೂ ಹುಲ್ಲು. ಬೋರ್‌ವೆಲ್ ಇಲ್ಲ, ಪೈಪಿಲ್ಲ, ಮಳೆ ಬೀಳುತ್ತದೆ, ಹುಲ್ಲು ಬೆಳೆಯುತ್ತದೆ. ವರ್ತೂರು ಕೆರೆಯ ಅಂಚಿನಲ್ಲಿ ಹುಲ್ಲು ಕೊಯ್ದು, ಹೊರೆ ಹೊತ್ತು ತರುವ ನಮ್ಮ ತಾಯಂದಿರ ನೆನಪಾಗಿ ನನಗೆ ಸ್ವಲ್ಪ ಹೊಟ್ಟೆಯುರಿಯೂ ಆಯಿತೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಬೇಸಿಗೆಯಲ್ಲಿ ಹೆಚ್ಚಾದ ಹುಲ್ಲನ್ನು ಕೊಯ್ದು, ಒತ್ತಿ, ಕಪ್ಪು ಪ್ಲಾಸ್ಟಿಕ್ ಹೊದಿಸಿ, ಮೇಲೆ ಹಳೇ ಟೈರು ಹೇರಿ ರಸಮೇವು ಮಾಡಿಡುತ್ತಾರೆ. ಚಳಿಗಾಲದಲ್ಲಿ ಹಸು ಒಳಗೇ ಇರಬೇಕು, ಆಗ ಅದೇ ಗತಿ. ಟೈರು ಹೇರುವ ಉಪಾಯ ನಮಗೂ ಆಗಿಬರುತ್ತದೆ, ಜೋಳದ ಕಾಲದಲ್ಲಿ ಮಾಡಿ ನೋಡಿ.

ಮೊದಲ ಎರಡು ದಿನ ನೋಡಬೇಕಾದ್ದನ್ನೆಲ್ಲ ನೋಡಿದೆವು. ಥರ್ಸ್ಕ್‌ನಲ್ಲಿ ಪಶುವೈದ್ಯರೊಬ್ಬರ ಹೆಸರಿನ ವಸ್ತುಸಂಗ್ರಹಾಲಯವೇ ಇದೆ. ಆಲ್ಫ್ ವೈಟ್ ಎಂಬ ವೈದ್ಯರು 1940ರಲ್ಲಿ ಆ ಊರಿಗೆ ಕೆಲಸಕ್ಕೆ ಬಂದು, ಹಳ್ಳಿ ಹಳ್ಳಿ ಸುತ್ತಿ ದನಗಳಿಗೆ ಔಷಧಿ ಕೊಟ್ಟು, ಆ ಅನುಭವವನ್ನೆಲ್ಲ ಜೇಮ್ಸ್ ಹೆರಿಯಟ್ ಎಂಬ ಹೆಸರಿನಲ್ಲಿ ಬರೆದರು. ಮೊದಲ ಪುಸ್ತಕ 1970ರಲ್ಲಿ ಬಂತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ನಾವು ಆ ಪುಸ್ತಕಗಳನ್ನು ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ದಾಟಿಸಿ ಓದಿದ್ದೆವು. ಕರ್ಕ್‌ಗೇಟ್ ಬೀದಿಯ 23ನೇ ನಂಬರಿನ ಆ ಮನೆಯಲ್ಲಿ ಹಳೆಯ ಔಷಧಿ ಸೀಸೆಗಳು, ಕರು ಎಳೆಯುವ ಹಗ್ಗಗಳು, ಎಲ್ಲವೂ ಇವೆ. ಒಬ್ಬ ದನದ ಡಾಕ್ಟರರ ಮನೆ ನೋಡಲು ಜನ ದುಡ್ಡು ಕೊಟ್ಟು ಬರುತ್ತಾರೆಂಬುದೇ ನನಗೆ ದೊಡ್ಡ ಸಂತೋಷ.

ಇನ್ನೊಂದು ದಿನ ಪಶ್ಚಿಮದ ಬೆಟ್ಟಗಳ ಕಡೆ ಹೋಗಿ, ಹಾಸ್ ಎಂಬ ಊರಿನ ವೆನ್ಸ್‌ಲಿಡೇಲ್ ಗಿಣ್ಣಿನ ಕಾರ್ಖಾನೆ ನೋಡಿದೆವು. 1992ರಲ್ಲಿ ಅದರ ಮಾಲೀಕ ಕಂಪನಿ ಬಾಗಿಲು ಮುಚ್ಚಿ, ತಯಾರಿಕೆಯನ್ನು ಬೇರೆ ಪ್ರಾಂತ್ಯಕ್ಕೆ ಸಾಗಿಸಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದವರೇ ಅದನ್ನು ಕೊಂಡು ಮತ್ತೆ ನಡೆಸಿದರು. ದಾರಿಯುದ್ದಕ್ಕೂ ಗಾರೆಯಿಲ್ಲದೆ ಬರೀ ಕಲ್ಲು ಜೋಡಿಸಿದ ಗೋಡೆಗಳು, ಹೊಲಕ್ಕೊಂದು ಕಲ್ಲಿನ ಕೊಟ್ಟಿಗೆ. ಹಿಂದೆ ಚಳಿಗಾಲದಲ್ಲಿ ನಾಲ್ಕೈದು ಹಸುಗಳನ್ನು ಆ ಹೊಲದಲ್ಲೇ ಕಟ್ಟಿ, ಅಟ್ಟದ ಮೇಲೆ ಒಣಹುಲ್ಲು ತುಂಬಿಡುತ್ತಿದ್ದರಂತೆ. ಈಗ ಬಹುಪಾಲು ಖಾಲಿ.

ಮೂರನೆಯ ದಿನ ನಾನು ಬಹಳ ಆಸೆಯಿಂದ ಕಾದಿದ್ದ ದಿನ. ಗೆಳತಿಯ ಮನೆಯಿಂದ ಅರ್ಧ ಮೈಲು ದೂರದಲ್ಲಿ ವಯಸ್ಸಾದ ರೈತರೊಬ್ಬರು ಮಗನೊಡನೆ ಸುಮಾರು ನೂರೈವತ್ತು ಹೊಲ್‌ಸ್ಟೀನ್ ಹಸುಗಳನ್ನು ಸಾಕಿದ್ದಾರೆ. ಗೆಳತಿ ಮುಂಚೆಯೇ ಹೇಳಿ, ಹಾಲು ಕರೆಯುವ ಹೊತ್ತಿಗೆ ಕರೆದೊಯ್ದಳು. ಗೇಟಿನ ಬಳಿ ಒಂದು ಬಕೆಟ್ಟು, ಪಕ್ಕದಲ್ಲಿ ಉದ್ದ ಹಿಡಿಯ ಬ್ರಷ್ಷು, ಒಂದು ಬೋರ್ಡು. ಬೋರ್ಡಿನಲ್ಲಿ, ಕೇಳದೆ ಒಳಗೆ ಬರಬೇಡಿ ಎಂದಿತ್ತು. ರೈತರು ಕೈ ಮೇಲೆತ್ತಿ ನಗುತ್ತಲೇ ಬಂದರು. ಪಶುವೈದ್ಯೆ ಎಂದು ತಿಳಿದು ಸಂತೋಷಪಟ್ಟರು. ಆಮೇಲೆ ಕೇಳಿದರು: "ನಿಮ್ಮ ದೇಶದಲ್ಲಿ ಕಡೆಯದಾಗಿ ದನ ಮುಟ್ಟಿದ್ದು ಯಾವಾಗ?"

ನಾನು ಹೆಮ್ಮೆಯಿಂದಲೇ ಉತ್ತರ ಕೊಟ್ಟೆ. ವಿಮಾನ ಹತ್ತಿದ ದಿನ ಬೆಳಿಗ್ಗೆಯೇ ಕಾಡುಗೋಡಿ ಕಡೆ ಒಂದು ಹಸುವಿಗೆ ಕರು ಅಡ್ಡವಾಗಿತ್ತು. ರಜೆ ಎಂದು ಹೇಳಿದರೂ ಮನೆಯವರು ಬಿಡಲಿಲ್ಲ. ಹೋಗಿ ಕರು ಸರಿಪಡಿಸಿ ತೆಗೆದು, ಕೈ ತೊಳೆದು, ಅಲ್ಲಿಂದ ಮನೆಗೆ, ಮನೆಯಿಂದ ದೇವನಹಳ್ಳಿಗೆ. ಇದನ್ನು ಕೇಳಿ ಆ ರೈತರು ತಲೆದೂಗಿದರು. ಆಮೇಲೆ ಬಹಳ ಮರ್ಯಾದೆಯಿಂದ, "ಹಾಗಾದರೆ ತಮ್ಮನ್ನು ಕೊಟ್ಟಿಗೆಗೆ ಬಿಡಲಾರೆ, ಕ್ಷಮಿಸಿ. ಮನೆಯೊಳಗೆ ಬನ್ನಿ, ಟೀ ಕುಡಿಯೋಣ" ಎಂದರು. ದನಕರು ಮುಟ್ಟಿ ಒಂದು ವಾರ ಕಳೆಯದ ಹೊರದೇಶದವರನ್ನು ಅವರು ಹಸುವಿನ ಹತ್ತಿರ ಬಿಡುವುದಿಲ್ಲವಂತೆ. ನಾನು ಇರುವುದೇ ಒಂದು ವಾರ!

ಮನಸ್ಸಿಗೆ ಬೇಸರವಾಯಿತು. ಅದನ್ನು ಮುಚ್ಚಿಡುವುದಿಲ್ಲ. ಹಾಕಿಕೊಂಡಿದ್ದ ಬಟ್ಟೆ ಬೇರೆ, ಬೂಟು ಹೊಸದು. ನಾನು ಡಾಕ್ಟರು, ನನಗೇ ಹೇಳುತ್ತಾರಲ್ಲ ಎನಿಸಿತು. ಆದರೂ ಅಡುಗೆಮನೆಯ ಬಾಗಿಲಲ್ಲಿ ಬೂಟು ಉಜ್ಜಿ, ಬಿಚ್ಚಿಟ್ಟು, ಒಳಗೆ ಹೋಗಿ ಕುಳಿತೆ. ಟೀ ಕುಡಿಯುತ್ತಾ ಅವರು 2001ನೇ ಇಸವಿಯ ಕಥೆ ಹೇಳಿದರು.

ಆ ವರ್ಷದ ಫೆಬ್ರವರಿಯಲ್ಲಿ ಇಂಗ್ಲೆಂಡಿಗೆ ಕಾಲುಬಾಯಿ ಜ್ವರ ನುಗ್ಗಿತು. ತನಿಖೆ ಮಾಡಿದಾಗ ಬೇರು ಸಿಕ್ಕಿದ್ದು ಈಶಾನ್ಯ ಭಾಗದ ಒಂದು ಹಂದಿ ಸಾಕಣೆಯಲ್ಲಿ. ಹೋಟೆಲುಗಳ ಮುಸುರೆಯನ್ನು ಸರಿಯಾಗಿ ಕುದಿಸದೆ ಹಂದಿಗೆ ಹಾಕಿದ್ದರಿಂದ ಬಂದಿರಬೇಕೆಂದು ತೀರ್ಮಾನವಾಯಿತು. ಅಲ್ಲಿಂದ ಗಾಳಿಯಲ್ಲಿ ಪಕ್ಕದ ಕುರಿಗಳಿಗೆ, ಕುರಿಗಳಿಂದ ಸಂತೆಗೆ, ಸಂತೆಯಿಂದ ದಲ್ಲಾಳಿಗಳ ಲಾರಿಗಳಲ್ಲಿ ದೇಶದ ಉದ್ದಗಲಕ್ಕೆ. ರೋಗ ಇದೆಯೆಂದು ಗೊತ್ತಾಗುವ ಹೊತ್ತಿಗೆ ಅದು ಆಗಲೇ ಎಲ್ಲೆಲ್ಲೋ ತಲುಪಿತ್ತು. ಸೆಪ್ಟೆಂಬರ್ ಕೊನೆಯವರೆಗೆ 2,026 ಕಡೆ ರೋಗ ಖಚಿತವಾಯಿತು, 60 ಲಕ್ಷಕ್ಕೂ ಹೆಚ್ಚು ದನ, ಕುರಿ, ಹಂದಿಗಳನ್ನು ಕೊಂದು ಹಾಕಿದರು. ಹೂಳಲು, ಸುಡಲು ಸೈನ್ಯ ಕರೆಸಿದರು. ಮೇ ತಿಂಗಳಲ್ಲಿ ನಡೆಯಬೇಕಿದ್ದ ಚುನಾವಣೆಯನ್ನು ಜೂನ್‌ಗೆ ಮುಂದೂಡಿದರು. ಹೊಲಗಳ ನಡುವಿನ ಕಾಲುದಾರಿಗಳನ್ನೆಲ್ಲ ಮುಚ್ಚಿದರು. ಥರ್ಸ್ಕ್ ಸುತ್ತಮುತ್ತ ಆ ಬೇಸಿಗೆಯಲ್ಲಿ ರೋಗ ಬಂದಾಗ, ಹಾಲಿನ ಟ್ಯಾಂಕರನ್ನೂ ತೊಳೆಸದೆ ಬಿಡುತ್ತಿರಲಿಲ್ಲ.

ಅಲ್ಲಿ ಲಸಿಕೆ ಹಾಕುವುದಿಲ್ಲವೇ ಎಂದು ತಾವು ಕೇಳಬಹುದು. ಹಾಕುವುದಿಲ್ಲ. ದೇಶದಲ್ಲಿ ರೋಗವೇ ಇಲ್ಲ, ಲಸಿಕೆಯೂ ಇಲ್ಲ ಎಂದು ತೋರಿಸಿದರೆ ಹೊರದೇಶಕ್ಕೆ ಮಾಂಸ, ಹಾಲಿನ ಪದಾರ್ಥ ಮಾರುವುದು ಸುಲಭ. ಆದ್ದರಿಂದ ಅಲ್ಲಿನ ಹಸುವಿನ ಮೈಯಲ್ಲಿ ಈ ರೋಗಕ್ಕೆ ತಡೆಶಕ್ತಿ ಎಂಬುದೇ ಇಲ್ಲ. ಒಳಗೆ ಬಂದರೆ ಕೊಲ್ಲುವುದೊಂದೇ ದಾರಿ ಎಂದು ಅವರ ಸರ್ಕಾರ ಆಗ ಹಿಡಿದ ನೀತಿ. ಅದು ಸರಿಯೇ ಎಂದು ಅಲ್ಲಿನವರೇ ಇಂದಿಗೂ ಜಗಳವಾಡುತ್ತಾರೆ. ನನ್ನನ್ನು ಕೇಳಿದರೆ, ನಮಗೆ ಆ ದಾರಿ ಬೇಡ, ನಮಗೆ ಲಸಿಕೆಯೇ ಸರಿ.

ಆ ರೈತರ ಹಸುಗಳಿಗೆ ರೋಗ ಬಂದಿರಲಿಲ್ಲ. ಪಕ್ಕದ ಹೊಲಕ್ಕೆ ಬಂತೆಂದು ಇವರ ಮಂದೆಯನ್ನೂ ಕೊಂದರು. ಅವರ ತಂದೆ ಕಟ್ಟಿದ ಮಂದೆ. ಒಂದೊಂದಕ್ಕೂ ಹೆಸರಿತ್ತಂತೆ. "ಮರುದಿನ ಬೆಳಗ್ಗೆ ನಾಲ್ಕೂವರೆಗೆ ಎಚ್ಚರವಾಯಿತು. ಎದ್ದು ಬೂಟು ಹಾಕಿಕೊಂಡು ಅಂಗಳದವರೆಗೆ ಹೋದೆ. ಆಮೇಲೆ ನೆನಪಾಯಿತು" ಎಂದರು. ಪರಿಹಾರದ ಹಣ ಬಂತು, ಹೊಸ ಹಸು ತಂದರು. ಆ ಹಳ್ಳಿಯಲ್ಲಿ ಒಂದು ಕಾಲಕ್ಕೆ ಎಂಟು ಮನೆಯವರು ಹಾಲು ಕರೆಯುತ್ತಿದ್ದವರು, ಈಗ ಇವರೊಬ್ಬರೇ. ಎಲ್ಲವೂ ರೋಗದಿಂದಲ್ಲ. 1933ರಲ್ಲಿ ಅಲ್ಲಿ ಹಾಲು ಮಾರಾಟ ಮಂಡಳಿ ಸ್ಥಾಪನೆಯಾಗಿ, ದೊಡ್ಡವರು ಸಣ್ಣವರು ಎನ್ನದೆ ಎಲ್ಲರ ಹಾಲನ್ನೂ ಕೊಳ್ಳುತ್ತಿತ್ತು. ಅದನ್ನು 1994ರಲ್ಲಿ ಎತ್ತಿಹಾಕಿದರು. ಅಂದಿನಿಂದ ಕಂಪನಿ ಹೇಳಿದ ಬೆಲೆಯೇ ಬೆಲೆ, ಬೇಡವೆಂದರೆ ನೋಟೀಸು. ಬೆಳಿಗ್ಗೆ ಸಂಜೆ ಎರಡು ಲೀಟರ್ ತಂದರೂ ತೆಗೆದುಕೊಳ್ಳುವ ನಮ್ಮ ಸಂಘದ ಮಾತು ಹೇಳಿದಾಗ, ಅವರು ಎರಡೆರಡು ಸಲ ಕೇಳಿ ತಿಳಿದುಕೊಂಡರು.

ಹಸುಗಳನ್ನು ಬೇಲಿಯಾಚೆಯ ರಸ್ತೆಯಲ್ಲಿ ನಿಂತೇ ನೋಡಿದೆ. ಎರಡೂ ಕಿವಿಗೆ ಓಲೆ. ನೋಡಲು ಬಹಳ ಚೆಂದ. ಎಷ್ಟು ಲೀಟರ್ ಎಂದು ಕೇಳಲು ಮರೆತೇಹೋಯಿತು.

ಉಳಿದ ದಿನಗಳಲ್ಲಿ ಬೆಟ್ಟ ಹತ್ತಿದೆವು, ಹಳೆಯ ಮಠದ ಪಾಳು ನೋಡಿದೆವು. ಗೆಳತಿಯ ಯಜಮಾನರು, ನಮ್ಮ ವೈಟ್‌ಫೀಲ್ಡನ್ನು ಆಂಗ್ಲೋ ಇಂಡಿಯನ್ನರು ಇಂಥದೇ ಒಕ್ಕಲು ಹಳ್ಳಿಯಾಗಬೇಕೆಂದು ಕಟ್ಟಿದ್ದು, 1882ರಲ್ಲಿ ಚಾಮರಾಜ ಒಡೆಯರು ಅದಕ್ಕೆ ಭೂಮಿ ಕೊಟ್ಟಿದ್ದು ಎಂದು ನೆನಪಿಸಿದರು. ಅಲ್ಲಿ ಈಗ ಹೊಲವೆಲ್ಲಿ ಎಂದು ನಕ್ಕೆವು. ಆದರೆ ನನ್ನ ಮನಸ್ಸು ಆ ಬಕೆಟ್ಟಿನ ಹತ್ತಿರವೇ ಇತ್ತು. ರಾತ್ರಿ ನಿದ್ದೆ ಬಾರದೆ ನೆನಪಾದದ್ದು ನಮ್ಮ 2013ನೇ ಇಸವಿ.

ಆ ವರ್ಷ ನಮ್ಮ ರಾಜ್ಯದಲ್ಲಿ ಕಾಲುಬಾಯಿ ಜ್ವರಕ್ಕೆ ಸಾವಿರಾರು ರಾಸುಗಳು ಸತ್ತದ್ದು ತಮಗೆಲ್ಲ ಗೊತ್ತು. ತಮ್ಮಲ್ಲಿ ಹಲವರು ಕಳೆದುಕೊಂಡವರೇ. ಆಗ ನಾನು ದಿನಕ್ಕೆ ಹತ್ತು ಹನ್ನೆರಡು ಕೊಟ್ಟಿಗೆ ನೋಡುತ್ತಿದ್ದೆ. ಒಂದು ಬೆಳಿಗ್ಗೆ ಒಂದು ಹಳ್ಳಿಯಲ್ಲಿ ಮೂರನೆಯ ಮನೆಯ ಹಸು ಜೊಲ್ಲು ಸುರಿಸುತ್ತಿತ್ತು. ಬಾಯಿ ಬಿಡಿಸಿ ನೋಡಿದರೆ ನಾಲಿಗೆಯ ಮೇಲೆ ಗುಳ್ಳೆ. ಕೈಯನ್ನು ಸೋಪು ಹಾಕಿ ತೊಳೆದೆ. ಬೂಟನ್ನು ತೊಳೆಯಲಿಲ್ಲ. ಇನ್ನೂ ಎಂಟು ಮನೆ ಬಾಕಿ ಇತ್ತು, ಎಲ್ಲರೂ ಬಾಗಿಲಲ್ಲಿ ಕಾಯುತ್ತಿದ್ದರು. ಹೋದೆ. ಆರನೆಯ ದಿನಕ್ಕೆ ಆ ಎಂಟರಲ್ಲಿ ಐದು ಮನೆಗೆ ರೋಗ ಬಂತು. ಅದರಲ್ಲೊಂದು ಮನೆ, ಗಂಡನಿಲ್ಲದ ತಾಯಿಯೊಬ್ಬರು ಸಾಲ ತೆಗೆದು ಕಟ್ಟಿದ್ದ ಒಂದೇ ಹಸುವಿನದು. ಮೊದಲು ಕರು ಇದ್ದಕ್ಕಿದ್ದಂತೆ ಬಿದ್ದು ಸತ್ತಿತು, ಎಳೆಗರುವಿಗೆ ಈ ರೋಗ ಹೃದಯಕ್ಕೆ ತಗಲುತ್ತದೆ. ಹಸು ಉಳಿಯಿತು, ಆದರೆ ಬಿಸಿಲಿಗೆ ಏದುಸಿರು ಬಿಡುತ್ತಾ, ಹಾಲು ಬತ್ತಿ, ಮತ್ತೆ ಗಬ್ಬ ನಿಲ್ಲಲೇ ಇಲ್ಲ.

ರೋಗ ನನ್ನ ಬೂಟಿನಿಂದಲೇ ಹೋಯಿತೇ? ಗಾಳಿಯಿಂದ ಹೋಗಿರಬಹುದು, ಒಂದೇ ತೊಟ್ಟಿಯಲ್ಲಿ ನೀರು ಕುಡಿದದ್ದರಿಂದ ಹೋಗಿರಬಹುದು. ನನ್ನಿಂದಲ್ಲ ಎಂದು ಹೇಳಲು ನನಗೆ ಬಾಯಿಲ್ಲ. ಆ ತಾಯಿ ಇಂದಿಗೂ ನನ್ನನ್ನು ಕಂಡರೆ ಕಾಫಿ ಕುಡಿದು ಹೋಗಿ ಎನ್ನುತ್ತಾರೆ. ಅವರು ಆ ಬೆಳಿಗ್ಗೆ, "ಡಾಕ್ಟ್ರಮ್ಮ, ಯಾವ ಮನೆಯಿಂದ ಬರ್ತಾ ಇದ್ದೀರಿ?" ಎಂದು ಒಂದು ಮಾತು ಕೇಳಿದ್ದರೆ! ಆದರೆ ನಮ್ಮಲ್ಲಿ ಡಾಕ್ಟರನ್ನು ಯಾರು ಹಾಗೆ ಕೇಳುತ್ತಾರೆ? ಮನೆಗೆ ಬಂದವರನ್ನು ನಿಲ್ಲಿಸುವುದು ನಮ್ಮಲ್ಲಿ ಅಮರ್ಯಾದೆ.

ಆದ್ದರಿಂದ ಇಂದು ನಾನೇ ಕೇಳಿಕೊಳ್ಳುತ್ತೇನೆ, ಕೇಳಿ. ನನ್ನನ್ನು, ಕೃತಕ ಗರ್ಭಧಾರಣೆಗೆ ಬರುವವರನ್ನು, ಹಸು ನೋಡಲು ಬರುವ ದಲ್ಲಾಳಿಯನ್ನು, ಎಲ್ಲರನ್ನೂ. ಕೊಟ್ಟಿಗೆಯ ಬಾಗಿಲಲ್ಲಿ ಒಂದು ಬಕೆಟ್ಟು ಇಡಿ. ದುಬಾರಿ ಔಷಧಿ ಬೇಡ. ಅಂಗಡಿಯಲ್ಲಿ ಸಿಗುವ ಬಟ್ಟೆ ಒಗೆಯುವ ಸೋಡಾ ಪುಡಿ, ಒಂದು ಲೀಟರ್ ನೀರಿಗೆ 40 ಗ್ರಾಂ. ಹರಳಿನ ರೂಪದ್ದಾದರೆ 100 ಗ್ರಾಂ ಬೇಕು. ಅಡುಗೆ ಸೋಡಾ ಅಲ್ಲ, ಅದರಿಂದ ಪ್ರಯೋಜನವಿಲ್ಲ. ಮೊದಲು ಬರೀ ನೀರಿನಲ್ಲಿ ಸಗಣಿ ಹೋಗುವಂತೆ ಉಜ್ಜಿ, ಆಮೇಲೆ ಸೋಡಾ ನೀರಿನಲ್ಲಿ ಅದ್ದಬೇಕು. ಸಗಣಿ ಮೆತ್ತಿದ ಬೂಟನ್ನು ಎಷ್ಟು ಅದ್ದಿದರೂ ವ್ಯರ್ಥ. ನೀರನ್ನು ದಿನಾ ಬದಲಿಸಿ. ಈ ಬಕೆಟ್ಟು ಕಾಲುಬಾಯಿ ಜ್ವರಕ್ಕೆ. 2022ರಲ್ಲಿ ಕಾಡಿದ ಚರ್ಮಗಂಟು ರೋಗ ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುವಂಥದ್ದು, ಅದನ್ನು ಬಕೆಟ್ಟು ತಡೆಯದು.

ಊರಿನಲ್ಲಿ ರೋಗ ಕಂಡರೆ ಸಂಘದ ಬಾಗಿಲೇ ಅಪಾಯದ ಜಾಗ. ಬೆಳಗ್ಗೆ ಆರು ಗಂಟೆಗೆ ಊರಿನ ಎಲ್ಲ ಕೊಟ್ಟಿಗೆಗಳ ಚಪ್ಪಲಿಗಳೂ ಅಲ್ಲಿ ಸೇರುತ್ತವೆ. ಕಾರ್ಯದರ್ಶಿಗಳು ಅಲ್ಲೂ ಒಂದು ಬಕೆಟ್ಟು, ಸೋಡಾ ನೀರಿನಲ್ಲಿ ನೆನೆಸಿದ ಗೋಣಿಚೀಲ ಇಡಬೇಕು. ರೋಗ ಬಂದ ಹಸು ಜೊಲ್ಲು ಸುರಿಸುವುದಕ್ಕೆ ಮುಂಚೆಯೇ ಅದರ ಹಾಲಿನಲ್ಲಿ ವೈರಾಣು ಇರುತ್ತದೆ. ಅಂಥ ಹಾಲನ್ನು ಕಾಯಿಸದೆ ಕರುವಿಗೆ ಕುಡಿಸಬೇಡಿ. ಹೊಸದಾಗಿ ಕೊಂಡ ಹಸುವನ್ನು ಎರಡು ವಾರವಾದರೂ ಬೇರೆ ಕಡೆ ಕಟ್ಟಿ. ಜಾಗವಿಲ್ಲ ಎನ್ನುತ್ತೀರಿ, ನಿಜ, ನಮ್ಮ ಕಡೆ ಸೈಟಿನ ಬೆಲೆಗೆ ಕೊಟ್ಟಿಗೆ ಉಳಿದಿರುವುದೇ ಹೆಚ್ಚು. ಮನೆಯ ಇನ್ನೊಂದು ಮಗ್ಗುಲಲ್ಲಾದರೂ ಸರಿ, ಮೇವಿನ ತೊಟ್ಟಿ, ನೀರಿನ ತೊಟ್ಟಿ ಬೇರೆ ಇರಲಿ, ಅದನ್ನು ಕೊನೆಯಲ್ಲಿ ನೋಡಿಕೊಳ್ಳಿ.

ಮುಸುರೆಯ ಮಾತೂ ಹೇಳಿಬಿಡುತ್ತೇನೆ. ಇಂದಿರಾನಗರದ ಹೋಟೆಲುಗಳಿಂದ, ಕಲ್ಯಾಣ ಮಂಟಪಗಳಿಂದ ಡ್ರಮ್ಮುಗಟ್ಟಲೆ ತಂದು ಹಂದಿಗೆ ಹಾಕುವವರು ನಮ್ಮ ನಡುವೆ ಇದ್ದಾರೆ. ಇಂಗ್ಲೆಂಡಿನ 60 ಲಕ್ಷ ಪ್ರಾಣಿಗಳ ಕಥೆ ಅಂಥದೇ ಡ್ರಮ್ಮಿನಿಂದ ಶುರುವಾದದ್ದು. ಕುದಿಸದೆ ಹಾಕಬಾರದು. ಹಸುವಿಗಂತೂ ಮದುವೆ ಮನೆಯ ಅನ್ನ ಬೇಡವೇ ಬೇಡ, ಹೊಟ್ಟೆ ಹುಳಿಯಾಗಿ ಒಂದೇ ರಾತ್ರಿಗೆ ನೆಲ ಹಿಡಿಯುತ್ತದೆ. ಅದಕ್ಕೆ ನಾನು ಎಷ್ಟು ಸಲ ನಡುರಾತ್ರಿ ಎದ್ದು ಬಂದಿದ್ದೇನೆಂದು ತಮಗೇ ಗೊತ್ತು.

ಲಸಿಕೆಯ ವಿಷಯ. 2019ರಲ್ಲಿ ಕೇಂದ್ರ ಸರ್ಕಾರದ ಕಾರ್ಯಕ್ರಮ ಪ್ರಾರಂಭವಾದ ಮೇಲೆ ವರ್ಷಕ್ಕೆ ಎರಡು ಸಲ, ಆರು ತಿಂಗಳಿಗೊಮ್ಮೆ, ದನ ಎಮ್ಮೆಗಳಿಗೆ ಉಚಿತವಾಗಿ ಹಾಕಲಾಗುತ್ತಿದೆ. ಕರುವಿಗೆ ನಾಲ್ಕು ತಿಂಗಳು ತುಂಬಿದಾಗ ಮೊದಲನೆಯದು, ತಿಂಗಳ ನಂತರ ಮತ್ತೊಂದು. ಲಸಿಕೆ ಹಾಕಿದ ಮೇಲೆ ಎರಡು ಮೂರು ದಿನ ಹಾಲು ಕಡಿಮೆಯಾಗಬಹುದು, ಮೈ ಬಿಸಿಯಾಗಬಹುದು, ಚುಚ್ಚಿದ ಜಾಗ ಊದಬಹುದು. ಆಗುವುದಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಆ ಒಂದೆರಡು ಲೀಟರಿಗೆ ಹೆದರಿ, ಲಸಿಕೆಯವರು ಬರುವ ದಿನ ಹಸುವನ್ನು ಹೊಲಕ್ಕೆ ಅಟ್ಟಿಬಿಡುವವರು ಇಲ್ಲಿ ಕುಳಿತವರಲ್ಲೂ ಇದ್ದೀರಿ. ಹೆಸರು ಹೇಳುವುದಿಲ್ಲ, ಎರಡನೇ ಸಾಲಿನಲ್ಲಿ ಒಬ್ಬರು ಆಗಲೇ ತಲೆ ತಗ್ಗಿಸಿದರು. ಗಬ್ಬದ ಕೊನೆಯ ತಿಂಗಳುಗಳ ಹಸುವಿದ್ದರೆ ಲಸಿಕೆಯವರಿಗೆ ಮೊದಲೇ ತಿಳಿಸಿ. ಊರಲ್ಲಿ ನಾಲ್ಕು ಮನೆ ತಪ್ಪಿಸಿಕೊಂಡರೂ ರೋಗಕ್ಕೆ ನೆಲೆ ಸಿಕ್ಕಂತೆಯೇ. 2013ರಲ್ಲಿ ರೋಗ ಬಂದ ಮೇಲೆ ಲಸಿಕೆಗೆ ಓಡಾಡಿದ್ದು, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತಾಯಿತು.

ಹೊರಡುವ ದಿನ ಆ ರೈತರು ಗೆಳತಿಯ ಮನೆಗೆ ಬಂದು ಕೈ ಕುಲುಕಿದರು. ಊರಿಗೆ ಹೋದ ಮೇಲೆ ಬೂಟು ತೊಳೆದುಕೊಂಡೇ ನಿಮ್ಮ ಹಸುಗಳ ಹತ್ತಿರ ಹೋಗಿ, ನಮ್ಮ ಮಣ್ಣಿನಲ್ಲಿ ಏನಿದೆಯೋ ಯಾರಿಗೆ ಗೊತ್ತು ಎಂದರು. ಬಂದ ಮರುದಿನ ಅವಲಹಳ್ಳಿ ಕಡೆ ಒಂದು ಕೊಟ್ಟಿಗೆಗೆ ಕರೆ ಬಂತು. ಗಾಡಿಯ ಹಿಂದೆ ಬಕೆಟ್ಟು, ಬ್ರಷ್ಷು, ಸೋಡಾ ಪೊಟ್ಟಣ ಕಟ್ಟಿಕೊಂಡು ಹೋಗಿ, ಅಂಗಳದಲ್ಲಿ ಕುಳಿತು ಬೂಟು ಉಜ್ಜತೊಡಗಿದೆ. ಮನೆಯ ಅಜ್ಜಿ ಬಹಳ ಹೊತ್ತು ನೋಡಿ, "ಯಾಕವ್ವಾ, ಎಲ್ಲಾದರೂ ತುಳಿದುಬಿಟ್ಟೆಯಾ?" ಎಂದು ಕೇಳಿ, ಒಳಗಿನಿಂದ ಒಂದು ಚೊಂಬು ಬಿಸಿನೀರು ತಂದುಕೊಟ್ಟರು.

ಅಂದಿನಿಂದ ಬಕೆಟ್ಟು ಗಾಡಿಯಲ್ಲೇ ಇದೆ, ಹೊರಗೆ ನಿಲ್ಲಿಸಿದ್ದೇನೆ, ಹೋಗುವಾಗ ನೋಡಿ. ಸೋಡಾ ಎಷ್ಟು ಹಾಕಬೇಕೆಂದು ಅಲ್ಲೇ ಕಲಸಿ ತೋರಿಸುತ್ತೇನೆ. ಪ್ರಶ್ನೆಗಳಿದ್ದವರು ಈಗ ಕೇಳಬಹುದು.